ಶನಿವಾರದ ಉಡಿ

ನಮ್ಮ ವೈನಿಯ ಕೊರಳಿಗೆ ಕಂಪನಿಯ ಐಡಿ ಕಾರ್ಡು ಬಿದ್ದ ದಿನದಿಂದ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಉಂಡಿರಲಿಲ್ಲ. ಮೊದಲ ದಿನ ಸಂಭ್ರಮವೇ ಇತ್ತು, ಯಾಕೆ ಸುಳ್ಳು ಹೇಳಲಿ. ಅಣ್ಣ ರಾಣೆಬೆನ್ನೂರಿನಿಂದ ಬರುವಾಗ ಪೇಡೆ ಕಟ್ಟಿಸಿಕೊಂಡು ಬಂದ. ಅಪ್ಪ ಓದಲು ಬಾರದಿದ್ದರೂ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವ್ವ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ.

"ಅಕಿ ಮುಖಾನ ಮನ್ಯಾಗ ಐತಿ, ಫೋಟೋ ಏನ್ ನೋಡ್ತೀರಿ? ಉಣ್ಣಾಕ ಬರ್ರಿ" ಅಂದಳು.

ಅದು ಎರಡು ಸಾವಿರದ ಆರನೆಯ ಇಸವಿಯ ಮೆಣಸಿನಕಾಯಿ ಸುಗ್ಗಿ. ಬ್ಯಾಡಗಿಯಲ್ಲಿ ಸುಗ್ಗಿ ಅಂದರೆ ಊರಿಗೆ ಊರೇ ಸೀನುತ್ತಿರುತ್ತದೆ. ಮಾರ್ಕೆಟ್ ಯಾರ್ಡಿನ ಹಿಂದಿನ ಒಂದು ಶೆಡ್ಡಿನಲ್ಲಿ ನಮ್ಮವ್ವ ದೇವವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾನು ತೊಟ್ಟಿಲಲ್ಲಿದ್ದಾಗಿನಿಂದ ಅದೇ ಶೆಡ್ಡು, ಅದೇ ಕಂಬದ ಬುಡ. ಶ್ರೀದೇವಿ ವೈನಿ ನಮ್ಮ ಮೈಲೇಶಣ್ಣನ ಕೈ ಹಿಡಿದು ಬಂದ ಮೇಲೆ ಅವಳೂ ಅವ್ವನ ಮಗ್ಗುಲಿಗೆ ಕೂತಳು. ಈ ಕಡೆ ಜೈತೂನಬಿ, ಎದುರಿಗೆ ಮಂಗಳವ್ವ, ಅವಳ ಮಗಳು ರೇಣುಕವ್ವ. ಮೂಗು ಬಾಯಿಗೆ ಸೆರಗು ಕಟ್ಟಿಕೊಂಡರೂ ಮಾತು ನಿಲ್ಲಿಸದ ಹೆಂಗಸರು ಅವರು.

ಆ ವರ್ಷ ಹಳೆಯ ಸಾಹುಕಾರರ ಮಕ್ಕಳು ವ್ಯವಹಾರ ಕೈಗೆ ತಗೊಂಡು ಹೊರಗಿನ ಮಸಾಲೆ ಕಂಪನಿಗೆ ಮಾಲು ಕಳಿಸಲು ಶುರು ಮಾಡಿದರು. ದಾವಣಗೆರೆ ಕಡೆಯ ವೀರೇಂದ್ರ ಎಂಬಾತ ಮ್ಯಾನೇಜರ್ ಆಗಿ ಬಂದ. ಸಾಲಿನಲ್ಲಿ ಕೂತ ಹೆಂಗಸರ ಪೈಕಿ ಎಸ್ಸೆಸ್ಸೆಲ್ಸಿ ಪಾಸಾದವಳು ನಮ್ಮ ವೈನಿ ಒಬ್ಬಳೇ. ಅವಳನ್ನು ಎಬ್ಬಿಸಿ ಸೂಪರ್‌ವೈಸರ್ ಮಾಡಿದ. ಸುಗ್ಗಿ ಮುಗಿಯುವತನಕ ನೋಡುತ್ತೇನೆ, ಸರಿ ಹೋದರೆ ಕಾಯಂ ಎಂದ. ವೈನಿಗೆ ಆ ಒಂದು ಮಾತೇ ಸಾಕಾಯಿತು. ಏಳುವಾಗ ಕಾಯಂ, ಮಲಗುವಾಗ ಕಾಯಂ. ರೊಟ್ಟಿ ಬಡಿಯುವಾಗಲೂ ಕೊರಳಲ್ಲಿ ಆ ಕಾರ್ಡು ತೂಗಾಡುತ್ತಿತ್ತು.

ವಾರವೊಪ್ಪತ್ತಿನಲ್ಲೇ ಅವಳ ಊಟದ ಡಬ್ಬಿ ಹೋದ ಹಾಗೆ ತಿರುಗಿ ಬರತೊಡಗಿತು. ಅವ್ವ ಒಂದು ಸಂಜೆ ಮುಚ್ಚಳ ತೆಗೆದು ನೋಡಿದಳು.

"ರೊಟ್ಟಿ ಹಂಗ ಅದಾವಲ್ಲ?"

"ಹಸಿವಿ ಆಗಲಿಲ್ಲರಿ ಅತ್ತಿ."

"ಹಸಿವಿ ಆಗಲಿಲ್ಲೋ, ಕುಂದ್ರಾಕ ಜಾಗ ಸಿಗಲಿಲ್ಲೋ?"

ವೈನಿ ಸಿಡಿದಳು. "ನಾ ಬಂದು ಕುಂತ್ರ ನೀವೆಲ್ಲಾ ಗಪ್ಪಾಗ್ತೀರಿ. ನಿನ್ನೆ ಮಂಗಳವ್ವ ನಗಾಕತ್ತಿದ್ಲು, ನನ್ನ ನೋಡಿ ನಗೂದು ನಿಲ್ಲಿಸಿದ್ಲು. ಹಾವು ಬಂದಂಗ!"

"ಮುಂಜಾನೆ ತೊಟ್ಟು ಉಳಿಸ್ಯಾಳ ಅಂತ ಅಕಿ ಬುಟ್ಟಿ ನೆಲಕ್ಕ ಸುರುವಿದ್ಯಲ್ಲ, ನಕ್ಕೋತ ಕುಂದ್ರಬೇಕೇನ ಅಕಿ?"

"ಅದು ನನ್ನ ಕೆಲಸರಿ."

"ಹಂಗಾರ ಆಫೀಸಿನ್ಯಾಗ ಹೋಗಿ ಉಣ್ಣು."

"ಅಲ್ಲಿ ಇರೂದ ಎರಡ ಕುರ್ಚಿ. ಒಂದು ಸರ್‌ದು, ಒಂದು ತೂಕ ಮಾಡೋ ಇಸಾಕಸಾಬರದು. ನಾ ತೂಕದ ಕಾಟಾದ ಹಿಂದ ನಿಂತ್ಕೊಂಡು ಉಣ್ಣಬೇಕು, ಎಮ್ಮಿ ಮೇಯ್ದಂಗ!"

ಅಪ್ಪ ಯಾರ್ಡಿನಲ್ಲಿ ಹಮಾಲ. ಅವನಿಗೆ ಇದೆಲ್ಲ ನಗೆಯ ಮಾತು. "ನಮ್ಮದು ಚಲೋ ನೋಡವಾ. ಚೀಲ ಹೊತ್ತೆ, ಇಳಿಸಿದೆ. ನೀ ಯಾರೋ ಅಂದ್ರ ಹಮಾಲ ಮೈಲಾರಪ್ಪ. ಮುಗೀತು."

"ನಂದೂ ಅಷ್ಟ" ಅಂದ ಅಣ್ಣ, ತಾಟಿನಿಂದ ತಲೆ ಎತ್ತದೆ. ಅವನು ರಾಣೆಬೆನ್ನೂರಿನಲ್ಲಿ ಬೀಜದ ಪಾಕೀಟು ತುಂಬುತ್ತಿದ್ದ, ವರ್ಷಕ್ಕೊಂದು ಕಂಪನಿ. "ಗಂಟಿ ಆತಂದ್ರ ಯಾರ ಕಂಪನಿ, ಯಾರ ಬೀಜ! ಬಸ್ ಹತ್ತಿದೆ ಅಂದ್ರ ಎಲ್ಲಾ ಮರತೆ. ನೀನೂ ಹಂಗ ಇರು."

"ನಿಮಗ ಅಲ್ಲಿ ಹೆಸರಿಲ್ಲ, ಅದಕ್ಕ ನಿದ್ದಿ ಬರ್ತೈತಿ" ಅಂದಳು ವೈನಿ. ಅಣ್ಣನ ಮುಖ ಸಪ್ಪಗಾಯಿತು. ಅವನು ತಾಟಿನಲ್ಲೇ ಕೈ ತೊಳೆದು ಎದ್ದು ಹೋದ.

ಇಷ್ಟಾದರೂ ನಡೆಯುತ್ತಿತ್ತೇನೋ. ಸುಡಲಿ, ಉಡಿಯ ವಿಷಯ ಬಂತು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಶನಿವಾರ ಕೆಲಸ ಮುಗಿದ ಮೇಲೆ ಪ್ರತಿಯೊಬ್ಬ ಹೆಂಗಸೂ ಒಂದೆರಡು ಹಿಡಿ ಮೆಣಸಿನಕಾಯಿಯನ್ನು ಸೀರೆಯ ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುವುದು. ಹಳೆಯ ಸಾಹುಕಾರರ ತಾಯಿ ಇದ್ದಾಗಿನ ಮಾತು ಅದು. ಮನೆಗೆ ಹೋಗುವ ಹೆಣ್ಣುಮಗಳ ಉಡಿ ಬರಿದಾಗಿರಬಾರದು ಎಂದು ಆಕೆಯೇ ಬಾಗಿಲಲ್ಲಿ ಕೂತು ಹಾಕಿ ಕಳಿಸುತ್ತಿದ್ದಳಂತೆ. ಆಕೆ ಸತ್ತ ಮೇಲೆ ಹೆಂಗಸರು ತಾವೇ ಹಾಕಿಕೊಳ್ಳತೊಡಗಿದರು. ಕದ್ದರು ಅಂತ ಯಾರೂ ಅಂದಿರಲಿಲ್ಲ. ವೀರೇಂದ್ರ ಅದನ್ನು ನಿಲ್ಲಿಸಿದ. ಶನಿವಾರ ಗೇಟಿನಲ್ಲಿ ಎಲ್ಲರ ಉಡಿ ನೋಡಿ ಬಿಡಬೇಕು, ಸಿಕ್ಕವರ ಹೆಸರು ಬರೆದುಕೊಳ್ಳಬೇಕು, ಅವರಿಗೆ ಸೋಮವಾರದಿಂದ ಕೆಲಸ ಇಲ್ಲ. ನೋಡುವ ಕೆಲಸ ಯಾರದು? ವೈನಿಯದು.

ಆ ಗುರುವಾರ ವೈನಿ ಜೋಳ ಹಸನು ಮಾಡುತ್ತಿದ್ದ ಅವ್ವನ ಮುಂದೆ ಬಂದು ಕೂತಳು. "ಅತ್ತಿ, ಇನ್ನ ಮ್ಯಾಲೆ ಉಡ್ಯಾಗ ಹಾಕ್ಕೊಂಡು ಬರಬ್ಯಾಡ್ರಿ. ನಾವು ಅದನ್ನೆಲ್ಲಾ ಬಿಡೂದಿಲ್ಲ ಈಗ."

ಮೊರದಲ್ಲಿ ಅವ್ವನ ಕೈ ನಿಂತಿತು. "ನಾವು ಅಂದ್ರ ಯಾರವ್ವಾ?"

"ಕಂಪನಿ."

"ನಿನ್ನೆ ತನಕ ನಾವು ಅಂದ್ರ ನಾನು, ನೀನು, ಜೈತೂನಬಿ, ಮಂಗಳವ್ವ. ಯಾವಾಗ ಬದಲಿ ಆತು ಇದು? ನನಗ ಹೇಳಲೇ ಇಲ್ಲಲ್ಲ ನೀ!"

"ಮಾತಿಗೆ ಮಾತು ಹಿಡೀಬ್ಯಾಡ್ರಿ ಅತ್ತಿ. ನಿಮ್ಮ ಕಾಲು ಬೀಳ್ತೇನಿ."

ಅವ್ವ ಆ ಶನಿವಾರ ಏನೂ ತರಲಿಲ್ಲ. ಯಾರೂ ತರಲಿಲ್ಲ. ಗೇಟಿನಲ್ಲಿ ವೈನಿ ಒಬ್ಬೊಬ್ಬರ ನಡುವಿಗೆ ಕೈ ಹಾಕಿ ನೋಡುವಾಗ ಹೆಂಗಸರು ಬೇರೆ ಕಡೆ ಮುಖ ಮಾಡಿ ನಿಂತರು. ಹಾವೇರಿಯ ಕಾಲೇಜಿನಿಂದ ಶನಿವಾರ ರೈಲಿಳಿದು ಅವ್ವನ ಸಂಗಡ ಮನೆಗೆ ಹೋಗುವುದು ನನ್ನ ರೂಢಿ, ಹಾಗಾಗಿ ಎಲ್ಲ ಕಣ್ಣಾರೆ ಕಂಡೆ. ದಾರಿಯಲ್ಲಿ ಮಂಗಳವ್ವ ಅವ್ವನಿಗೆ, "ನಿನ್ನ ಸೊಸಿ ಕೈ ಭಾಳ ತಣ್ಣಗ ಅದಾವಲ್ಲಬೇ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದಳು. ಅವ್ವನಿಗೆ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಮಂಗಳವ್ವ ಹೇಳಿದ್ದು ಖರೆ. ವೈನಿಗೆ ಹೊಟ್ಟೆಯಲ್ಲಿ ಉರಿ, ಕೂದಲು ಬಾಚಿದರೆ ಹಿಡಿ ಹಿಡಿ ಉದುರುವುದು. ಮನೆಯಲ್ಲೂ ಸೂಪರ್‌ವೈಸರ್ ಆಗಿಬಿಟ್ಟಳು. ನಾನು ಹಸನು ಮಾಡಿದ ಅಕ್ಕಿಯಲ್ಲಿ ನೆಲ್ಲು ಹುಡುಕಿ ಕೈಗೆ ಕೊಡುತ್ತಿದ್ದಳು. "ಇದೇನ ಕ್ವಾಲಿಟಿ ಕಾವ್ಯಾ?" ಅಂದಾಗ ನಾನು ಮೊರ ಎತ್ತಿ ಅವಳ ಮುಂದೆ ಕುಕ್ಕಿದೆ. "ನೀನ ಮಾಡ್ಕೊ! ಇದೇನು ನಿನ್ನ ಶೆಡ್ಡಲ್ಲ" ಅಂದೆ. ಆಮೇಲೆ ಅವಳು ನೀರೊಲೆಯ ಹತ್ತಿರ ಕೂತು ಅಳುವುದನ್ನು ಕಂಡೆ.

ಹಾವೇರಿಗೆ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ನೋಡಿ, "ಹೊತ್ತಿಗೆ ಸರಿಯಾಗಿ ಉಣ್ಣು, ಟೆನ್ಶನ್ ಮಾಡ್ಕೋಬ್ಯಾಡ" ಎಂದು ಗುಳಿಗೆ ಬರೆದುಕೊಟ್ಟರು. ಟೆನ್ಶನ್ನನ್ನು ಯಾವ ಅಂಗಡಿಯಲ್ಲಿ ವಾಪಸು ಕೊಡಬೇಕೋ ಅದನ್ನು ಬರೆಯಲಿಲ್ಲ. ತಿರುಗಿ ಬರುವಾಗ ರೈಲಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು.

"ಇಸಾಕಸಾಬರು ಮೊನ್ನೆ ಏನಂದ್ರು ಗೊತ್ತೈತೇನ?" ಅಂದಳು ವೈನಿ. "ನಾ ಅಳಾಕತ್ತಿದ್ದೆ. ಪಾಪ, ಸಮಾಧಾನ ಮಾಡಾಕ ಬಂದ್ರು. 'ಗಂಡಸರಿಗೆ ಹೆಣ್ಮಕ್ಕಳ ಉಡಿ ಮುಟ್ಟಾಕ ಬರೂದಿಲ್ಲಲ್ಲವಾ, ಅದಕ್ಕ ನಿನ್ನ ತಗೊಂಡಾರ, ನಿಂದೇನು ತಪ್ಪಿಲ್ಲ' ಅಂದ್ರು. ನಾ ಓದಿದಾಕಿ, ಚುರುಕಿದ್ದೇನಿ ಅಂತ ತಗೊಂಡಾರ ಅನ್ಕೊಂಡಿದ್ದೆ ಕಾವ್ಯಾ."

"ಹಂಗಾರ ಬಿಟ್ಟಬಿಡು ವೈನಿ."

"ಬಿಟ್ಟು ಎಲ್ಲಿಗೆ ಹೋಗ್ಲಿ? ಆ ಸಾಲಿನ್ಯಾಗ ಮತ್ತ ಯಾರು ಜಾಗ ಬಿಡ್ತಾರ ನನಗ? ಕಾಯಂ ಆತಂದ್ರ ಕುರ್ಚಿ ಕೊಡ್ತಾರ. ಕುರ್ಚಿ ಬಂತಂದ್ರ ಎಲ್ಲಾ ಸರಿ ಹೋಗ್ತೈತಿ." ಅವಳು ಅದನ್ನು ನನಗಿಂತ ಹೆಚ್ಚು ತನಗೇ ಹೇಳಿಕೊಳ್ಳುತ್ತಿದ್ದಳು.

ಹೋಳಿ ಹುಣ್ಣಿಮೆ ಮುಗಿದ ಮೇಲಿನ ಶನಿವಾರ ಆಗಬಾರದ್ದು ಆಯಿತು. ಮಂಗಳವ್ವನ ಮಗಳು ರೇಣುಕವ್ವನಿಗೆ ಏಳನೆಯ ತಿಂಗಳು ನಡೆಯುತ್ತಿತ್ತು. ಕೆಲಸ ಬಿಟ್ಟು ಮನೆಯಲ್ಲಿ ಸೀಮಂತದ ಕುಬಸ ಮಾಡಿಸಿಕೊಳ್ಳಲು ಯಾರಿಗೆ ಪುರುಸೊತ್ತು? ಮಧ್ಯಾಹ್ನ ಊಟದ ಹೊತ್ತಿನಲ್ಲಿ ಚೀಲಗಳ ಮರೆಗೆ ಹೆಂಗಸರೇ ಅವಳನ್ನು ಕೂರಿಸಿ, ಹಸಿರು ಬಳೆ ಇಡಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಪ್ಪಸದ ಖಣ. ಜೈತೂನಬಿ ಮನೆಯಿಂದ ಸಕ್ಕರೆ ತಂದಿದ್ದಳು. ಮೊದಲು ಉಡಿ ತುಂಬಿದವಳು ನಮ್ಮವ್ವ. ವೈನಿಗೆ ಯಾರೂ ಹೇಳಲಿಲ್ಲ. ಬೇಕಂತ ಬಿಟ್ಟರೋ, ಬಾಯಿ ಬರಲಿಲ್ಲವೋ, ನಾನು ಎಷ್ಟು ಕೇಳಿದರೂ ಅವ್ವ ಇವತ್ತಿಗೂ ಹೇಳಿಲ್ಲ.

ಸಂಜೆ ಗೇಟಿನಲ್ಲಿ ವೀರೇಂದ್ರ ನಿಂತಿದ್ದ. ರೇಣುಕವ್ವ ಎರಡೂ ಕೈಯಿಂದ ಉಡಿ ಹಿಡಿದುಕೊಂಡು ಬಂದಳು.

"ಏನದು ಅಷ್ಟು ದಪ್ಪ? ನೋಡಮ್ಮ ಅದನ್ನ" ಅಂದ ವೀರೇಂದ್ರ.

"ಬಿಚ್ಚು" ಅಂದಳು ವೈನಿ.

"ಬ್ಯಾಡಕ್ಕ, ಮನೀಗ ಹೋಗಿ ದೇವರ ಮುಂದ ಬಿಚ್ಚಬೇಕು ಇದನ್ನ..."

"ಶ್ರೀದೇವಿ, ಅದು ಮೆಣಸಿನಕಾಯಿ ಅಲ್ಲ" ಎಂದು ಹಿಂದಿನಿಂದ ಅವ್ವ ಕೂಗಿದಳು.

"ಅಲ್ಲಂದ್ರ ತೋರಿಸಾಕ ಏನ್ ಧಾಡಿ?" ವೈನಿ ಉಡಿಯ ಗಂಟಿಗೆ ಕೈ ಹಾಕಿ ಎಳೆದಳು.

ಅಕ್ಕಿ ಸುರಿಯಿತು. ಕೊಬ್ಬರಿ ಬಟ್ಟಲು ಉರುಳಿ ವೀರೇಂದ್ರನ ಬೂಟಿಗೆ ಹೋಗಿ ತಾಗಿತು. ಏಳು ತಿಂಗಳ ಬಸುರಿಯ ತುಂಬಿದ ಉಡಿ ಗೇಟಿನಲ್ಲಿ ಚೆಲ್ಲಿಹೋಗಿತ್ತು. ರೇಣುಕವ್ವ ಹೋ ಎಂದು ಅತ್ತಳು. ವೈನಿ ಧಪ್ಪನೆ ನೆಲಕ್ಕೆ ಕೂತು ಎರಡೂ ಕೈಯಿಂದ ಅಕ್ಕಿ ಬಳಿಯತೊಡಗಿದಳು. "ನನಗ ಗೊತ್ತಿರ್ಲಿಲ್ಲ, ನಾನ ತಿರುಗಿ ತುಂಬತೇನಿ, ತಪ್ಪಾತು, ತಪ್ಪಾತು" ಅನ್ನುತ್ತಿದ್ದಳು. ಮಂಗಳವ್ವ ಅವಳ ಕೈ ಸರಿಸಿದಳು.

"ನೀ ಮುಟ್ಟಬ್ಯಾಡ. ಮುಟ್ಟಿದ್ದು ಸಾಕಾತು."

ಅವ್ವ ನೆಟ್ಟಗೆ ವೀರೇಂದ್ರನ ಮುಂದೆ ಹೋದಳು. "ನಿಮ್ಮ ಮನ್ಯಾಗ ಹೆಣ್ಮಕ್ಕಳು ಇಲ್ಲೇನಪ್ಪ? ಉಡಿ ಅಂದ್ರ ಏನು ಅಂತ ನಿಮ್ಮವ್ವ ಹೇಳಿಲ್ಲೇನು ನಿನಗ?"

ವೀರೇಂದ್ರ ಕೆಂಪಗಾದ. ಆದರೆ ಅವ್ವನಿಗೆ ಉತ್ತರ ಕೊಡದೆ ವೈನಿಯ ಕಡೆ ತಿರುಗಿದ. "ಇವರು ನಿಮ್ಮ ಅತ್ತೆ ಅಲ್ವೇನಮ್ಮ? ನಿಮ್ಮ ಮನೆಯವರೇ ಮುಂದೆ ನಿಂತು ಗಲಾಟೆ ಮಾಡಿದ್ರೆ ಬೇರೆಯವರು ನಿಮ್ಮ ಮಾತು ಕೇಳ್ತಾರಾ? ಇನ್ನೊಂದ್ಸಲ ಹೀಗಾದ್ರೆ ನಾನು ಕಾಯಂ ಮಾಡೋಕಾಗಲ್ಲ. ಬೇರೆಯವರನ್ನ ಕರೆಸ್ತೀನಿ." ವೈನಿ ನೆಲದ ಮೇಲೆ ಕೂತೇ ಇದ್ದಳು. ಕೊನೆಗೆ ನಾನೇ ಅವಳ ರಟ್ಟೆ ಹಿಡಿದು ಎಬ್ಬಿಸಿದೆ.

ಮನೆಯಲ್ಲಿ ಅವ್ವ ಒಂದು ಬೈಗುಳವನ್ನೂ ಆಡಲಿಲ್ಲ. ಬೈದಿದ್ದರೆ ಚಲೋ ಇತ್ತು. ವೈನಿ ಉಂಡದ್ದನ್ನೆಲ್ಲ ವಾಂತಿ ಮಾಡಿಕೊಳ್ಳತೊಡಗಿದಳು. ಬುಧವಾರ ಅಣ್ಣ ತಾಳ್ಮೆಗೆಟ್ಟು ಕೂಗಾಡಿದ.

"ಬಿಟ್ಟ ಒಗಿ ಆ ಸುಡುಗಾಡ ಕೆಲಸ! ಸತ್ತ ಹೋಗ್ತಿ ಹಿಂಗಾದ್ರ."

"ಬಿಟ್ಟು ಏನ್ ಮಾಡ್ಲಿ? ಮತ್ತ ಅಲ್ಲೇ ಹೋಗಿ ಕುಂದ್ರಲಾ? ಯಾರ ಮಗ್ಗಲಾಗ? ರೇಣುಕವ್ವನ ಎದುರಿಗಾ?" ವೈನಿ ಕೇಳಿದಳು. "ನನಗ ಆ ಸಾಲೂ ಇಲ್ಲ, ಆ ಆಫೀಸೂ ಇಲ್ಲ. ಅತ್ತಿ ಅಲ್ಲಿ ಕುಂತು ನೋಡಾಕತ್ತಿದ್ರ ನನಗ ಒಂದ ಮಾತು ಬಾಯಿಂದ ಬರೂದಿಲ್ಲ. ಯಾರನ್ನ ಬೈದ್ರೂ ಅವರ ಕಣ್ಣಿಗೆ ನಾ ಸಣ್ಣಾಕಿ ಆಗ್ತೇನಿ."

ಅವ್ವ ಪಡಸಾಲೆಯಲ್ಲಿ ಅಪ್ಪನ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಹಲ್ಲಿನಿಂದ ದಾರ ಕಡಿದು ಅಂಗಿ ಮಡಚಿ ಇಟ್ಟಳು.

ಮುಂದಿನ ಶನಿವಾರ ನಾನು ಗೇಟಿನ ಹೊರಗೆ ನಿಂತಿದ್ದೆ. ಹೆಂಗಸರು ಒಬ್ಬೊಬ್ಬರೇ ಬರಿ ಉಡಿ ಝಾಡಿಸಿ ತೋರಿಸಿ ಹೊರಗೆ ಬಂದರು. ಅವ್ವ ಬಂದಳು. ಅವಳ ಉಡಿ ದಪ್ಪಗೆ ಉಬ್ಬಿತ್ತು. ಒಂದೆರಡು ಹಿಡಿಯಲ್ಲ, ಸೇರುಗಟ್ಟಲೆ. ಕೆಂಪಗೆ ಒಂದು ಕಾಯಿ ಹೊರಗೂ ಇಣುಕುತ್ತಿತ್ತು. ಇಷ್ಟು ವರ್ಷ ಒಂದು ಮಾತು ಅನ್ನಿಸಿಕೊಳ್ಳದ ನಮ್ಮವ್ವ!

ವೈನಿ ಬಗ್ಗಿ ಪಿಸುಗುಟ್ಟಿದಳು. "ಅತ್ತಿ, ಹಿಂದ ಹೋಗಿ ಸುರುವಿ ಬರ್ರಿ. ಸರ್ ಇನ್ನೂ ನೋಡಿಲ್ಲ. ಲಗೂನ ಹೋಗ್ರಿ."

"ಯಾಕ ಹೋಗ್ಲಿ?" ಅವ್ವ ಇಡೀ ಶೆಡ್ಡಿಗೆ ಕೇಳುವ ಹಾಗೆ ಅಂದಳು. "ಎಲ್ಲಾರದೂ ನೋಡಿದಿ. ನಂದೂ ನೋಡು."

"ಅತ್ತಿ, ನಿಮಗ ಕೈ ಮುಗೀತೇನಿ."

"ಮೊನ್ನೆ ಬಸುರಿ ಹೆಂಗಸಿಗೆ ಬಿಚ್ಚು ಅಂದಿ. ಅತ್ತಿಗೆ ಅನ್ನಾಕ ಬಾಯಿ ಇಲ್ಲೇನು?" ಅವ್ವ ತಾನೇ ಉಡಿ ಬಿಚ್ಚಿದಳು. ಮೆಣಸಿನಕಾಯಿ ಬಳಬಳ ಸುರಿದವು. ಅಷ್ಟರಲ್ಲಿ ವೀರೇಂದ್ರ ಬಂದ. ನೋಡಿದ. ವೈನಿಯನ್ನೂ ನೋಡಿದ. ಕೈ ಕಟ್ಟಿ ನಿಂತ.

ವೈನಿಯ ಕೈಯಲ್ಲಿ ಪೆನ್ನು ಇತ್ತು. ಬರೆಯುವುದಿಲ್ಲ ಎಂದೇ ನಾನು ಅಂದುಕೊಂಡೆ. ದೇವರಾಣೆ ಹಾಗೇ ಅಂದುಕೊಂಡೆ. ಅವಳು ಬರೆದಳು. ಅವ್ವನ ಹೆಸರು, ಅಪ್ಪನ ಹೆಸರು, ನಮ್ಮ ಓಣಿ. ಬರೆಯುವಾಗ ಮೂಗು ಒರೆಸಿಕೊಳ್ಳಲೂ ಇಲ್ಲ.

"ಸೋಮವಾರದಿಂದ ಬರೋದು ಬೇಡಮ್ಮ" ಅಂದ ವೀರೇಂದ್ರ ಅವ್ವನಿಗೆ.

"ಬರಂಗಿಲ್ಲ ಬಿಡಪ್ಪ" ಎಂದು ಅವ್ವ ಸೆರಗು ಝಾಡಿಸಿಕೊಂಡು ಹೊರಟಳು. ಜೈತೂನಬಿ ಅವಳ ಕೈ ಹಿಡಿಯಲು ಬಂದರೆ ಕೊಸರಿಕೊಂಡಳು. "ಏನ್ ಮಾಡಿದಿ ದೇವವ್ವ ಇದನ್ನ? ನೀನಾ?" ಅನ್ನುತ್ತ ಮಂಗಳವ್ವ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಳು.

ಮನೆಗೆ ಬಂದ ಅವ್ವ ಕೈಕಾಲು ತೊಳೆದು, ಏನೂ ಆಗಿಲ್ಲವೆಂಬಂತೆ ಒಲೆ ಹಚ್ಚಿ ಹಿಟ್ಟು ನಾದಲು ಕೂತಳು. ಸ್ವಲ್ಪ ಹೊತ್ತಿಗೆ ವೈನಿ ಒಳಗೆ ಬಂದಳು. ನನಗೆ ತಡೆಯಲಾಗಲಿಲ್ಲ.

"ಸ್ವಂತ ಅತ್ತಿ ಹೆಸರು ಬರದೀಯಲ್ಲ, ಕೈಯರ ಹೆಂಗ ಬಂತು ನಿನಗ? ಕುರ್ಚಿ ಸಿಕ್ಕಿತಾ? ಹೋಗಿ ಕುಂದ್ರು!"

"ಕಾವ್ಯಾ, ಬಾಯಿ ಮುಚ್ಚು" ಅಂದಳು ಅವ್ವ. "ಬರೀಲಿ ಅಂತನ ಒಯ್ದಿದ್ದೆ ನಾ."

ಅಪ್ಪ ಬೀಡಿ ಕೆಳಗಿಟ್ಟ. ವೈನಿ ಬಾಗಿಲಲ್ಲೇ ನಿಂತಳು.

"ಹಂಗ ನೋಡಬ್ಯಾಡ್ರಿ ನನ್ನ" ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. "ಅಕಿ ತಿರುಗಿ ಸಾಲಿಗೆ ಬರಾಕ ಆಗೂದಿಲ್ಲ. ನಾ ಅಲ್ಲಿ ಕುಂತಿರೋತನಕ ಆಫೀಸಿನ ಕಡೆ ಹೋಗಾಕೂ ಆಗೂದಿಲ್ಲ. ನಡುವ ನಿಂತು ಸಾಯಾಕತ್ತಾಳ. ಒಬ್ಬರು ಏಳಬೇಕಿತ್ತು. ನಾ ಎದ್ದೆ."

"ಹಂಗಾರ ಸುಮ್ಮನ ಬಿಟ್ಟು ಬರಬೇಕಿತ್ತಲ್ಲ? ಕಳ್ಳಿ ಅನ್ನಿಸ್ಕೊಂಡು ಯಾಕ ಬರಬೇಕು?" ಎಂದೆ.

"ಸುಮ್ಮನ ಬಿಟ್ಟು ಬಂದಿದ್ರ ಸೊಸಿ ಬಿಡಿಸಿದಳು ಅಂತ ಮಂದಿ ಅಕಿಗೆ ಅಂತಿದ್ರು. ಈಗ ದೇವವ್ವ ಕದ್ದು ಸಿಕ್ಕಳು ಅಂತಾರ. ನನಗ ಅನ್ಲಿ. ನನಗ ವಯಸ್ಸಾತು, ಬ್ಯಾರೆ ಶೆಡ್ಡಿನ್ಯಾಗ ಕುಂತ್ರೂ ನಡೀತೈತಿ."

ವೈನಿ ಬಂದು ಅವ್ವನ ಎದುರು ಕುಸಿದು ಕೂತಳು. ಅಷ್ಟು ಅತ್ತವಳನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಅಣ್ಣ ಬಸ್ಸಿಳಿದು ಒಳಗೆ ಬಂದವನು ಚೀಲ ಹಿಡಿದುಕೊಂಡೇ ನಿಂತ.

"ನನಗ ಒಂದ ಮಾತು ಹೇಳಬೇಕಿತ್ತರಿ ಅತ್ತಿ" ಅಂದಳು ವೈನಿ ಬಿಕ್ಕುತ್ತ.

"ಹೇಳಿದ್ರ ಬರಕೊಂತಿದ್ದೇನು ನೀ?"

ಇಲ್ಲ ಅನ್ನುತ್ತಾಳೆಂದು ನಾನು ಕಾದೆ. ಯಾವ ಸೊಸೆಯಾದರೂ ಅನ್ನುವ ಮಾತು ಅದು, ಸುಳ್ಳಾದರೂ ಅನ್ನಬೇಕಾದ ಮಾತು. ವೈನಿ ಕಣ್ಣೊರೆಸಿಕೊಂಡು ಅವ್ವನ ಮುಖ ನೋಡಿದಳು.

"ಬರಕೊಂತಿದ್ದೆರಿ" ಅಂದಳು.

ಅವ್ವನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. "ಹಂಗಾರ ನೀ ಇನ್ನ ಆ ಕಡೇನ ಇರಾಕ ಅಡ್ಡಿ ಇಲ್ಲ ಬಿಡು" ಅಂದಳು. ಅಂದವಳು ಮುಖ ಗೋಡೆಯ ಕಡೆ ತಿರುಗಿಸಿದಳು. ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ನಮ್ಮವ್ವ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.